‘ಐ ಗ್ರೋಡ್ ಅಪ್’ ಅಂತ ಬರೆದ ಮಗಳಿಗೆ ಇನ್ನೆಷ್ಟು ಪದ ಕಲಿಸಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಮನೇಲಿ ಮಾತಾಡೋದು ತೆಲುಗು. ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ ಕಾಮರ್ಸ್. ಮುಂದಿನ ತಿಂಗಳು ಕ್ಲಾಸಿನಲ್ಲಿ ಎಲ್ಲರೂ ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಂತೆ. ವಿಷಯ: ಮೀಡಿಯಾ, ರೋಲ್ ಮಾಡೆಲ್, ಗ್ರೋಯಿಂಗ್ ಅಪ್. ಮೂರೂ ಸೇರಿಸಿ ಮಾತಾಡಬಹುದಂತೆ. ಅವಳು ಗೈಡ್ ನೋಡಿ ನೂರಿಪ್ಪತ್ತು ಪದ ಬಾಯಿಪಾಠ ಮಾಡಿದ್ದಾಳೆ. ಅರ್ಥ ಕೇಳಿದರೆ ಟಕ್ ಅಂತ ಹೇಳ್ತಾಳೆ. ನಾಲ್ಕು ವಾಕ್ಯ ಮಾತಾಡು ಅಂದರೆ ಬಾಯಿ ಕಟ್ಟುತ್ತೆ, ಅಳ್ತಾಳೆ. ಅವಳು ಬರೆದ ಚೀಟಿ ಕಳಿಸಿದ್ದೇನೆ. ಇನ್ನೂ ಎಷ್ಟು ಪದ ಕಲಿಸಬೇಕು? ನನಗೆ ಇಂಗ್ಲಿಷ್ ಬರಲ್ಲ. ನಾನೇನಾದರೂ ಮಾಡಬಹುದಾ?

ಉತ್ತರ: ಅಮ್ಮ, ನಮಸ್ಕಾರ. ಚೀಟಿಯನ್ನು ಎರಡು ಸಲ ಓದಿದೆ. ಏಳು ವಾಕ್ಯ ಇದೆ. ಓದುವವರಿಗೆಲ್ಲ ಗೊತ್ತಾಗಲಿ ಅಂತ ಅದನ್ನು ಇಲ್ಲಿ ಹಾಗೇ ಕೊಡುತ್ತೇನೆ:

‘ಐ ಬಾರ್ನ್ ಇನ್ ಮುಳಬಾಗಿಲು. ಐ ಗ್ರೋಡ್ ಅಪ್ ಬೈ ಮೈ ಅವ್ವ. ಶಿ ಈಸ್ ವೆರಿ ಸಿಂಪಲ್. ಶಿ ಈಸ್ ಮೈ ಐಡಲ್. ಐ ಆಮ್ ಇನ್‌ಸ್ಪೈರ್ಡ್ ಫ್ರಮ್ ಹರ್. ಡೈಲಿ ಐ ಆಮ್ ಸೀಯಿಂಗ್ ಎ ನ್ಯೂಸ್ ಇನ್ ಟಿವಿ ವಿತ್ ಹರ್. ವೆನ್ ಐ ವಿಲ್ ಗ್ರೋ ಅಪ್, ಐ ವಿಲ್ ಲುಕ್ ಹರ್.’

ಇನ್ನು ಒಂದು ಪದವನ್ನೂ ಹೊಸದಾಗಿ ಕಲಿಸಬೇಡಿ. ಇದು ನನ್ನ ಮೊದಲ ಮಾತು. ಮೂರು ನಿಮಿಷಕ್ಕೆ ನೂರಿಪ್ಪತ್ತು ಪದವೇ ಜಾಸ್ತಿ. ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ನೂರು ಪದ ಆಗುತ್ತೆ. ಅಂದರೆ ಒಟ್ಟು ಮುನ್ನೂರು. ಅದರಲ್ಲಿ ಸುಮಾರು ಅರ್ಧ ಭಾಗ ಐ, ಮೈ, ದ, ಇನ್, ವಾಸ್ ಇಂಥವೇ ಇರುತ್ತವೆ. ವಿಷಯಕ್ಕೆ ಬೇಕಾದ ಪದ ಇಪ್ಪತ್ತು, ಇಪ್ಪತ್ತೈದು ಸಾಕು. ನಿಮ್ಮ ಮಗಳಿಗೆ ಹೇಳೋಕೆ ವಿಷಯ ಇದೆ. ಅವಳ ಅವ್ವ, ಅಂದರೆ ತೆಲುಗಿನಲ್ಲಿ ಅಜ್ಜಿ, ಇದ್ದಾರೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿ ಇಪ್ಪತ್ತಾರು ವರ್ಷ ಆಯಿತು. ಹೇಳೋಕೆ ವಿಷಯವೇ ಇಲ್ಲದ ಮಕ್ಕಳಿಗೆ ಹೇಳಿಕೊಡುವುದು ನಿಜವಾಗಿ ಕಷ್ಟ. ಇವಳದು ಆ ಕಷ್ಟ ಅಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಪ್ರತಿ ಪದಕ್ಕೂ ಒಂದು ಅರ್ಥ ಅಂತ ಅವಳು ಕಲಿತಿದ್ದಾಳೆ. ಪದದ ಜೊತೆ ಯಾವ ಪದ ಬರುತ್ತೆ ಅನ್ನೋದನ್ನು ಕಲಿತಿಲ್ಲ. ನಮ್ಮ ಕನ್ನಡವನ್ನೇ ನೋಡಿ. ಸೀರೆ ಉಡುತ್ತೇವೆ, ಹೂವು ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಬೊಟ್ಟು ಇಟ್ಟುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ವೇರ್’ ಒಂದೇ. ಹೊರಗಿನಿಂದ ಬಂದು ಕನ್ನಡ ಕಲಿಯುವವರು ‘ಹೂವು ಉಟ್ಟುಕೊಂಡೆ’ ಅಂದರೆ ಅವರಿಗೆ ಹೂವು ಅನ್ನೋ ಪದ ಗೊತ್ತಿಲ್ಲ ಅಂತಲ್ಲ. ಹೂವಿಗೆ ‘ಮುಡಿ’ ಜೊತೆಗಾರ ಅಂತ ಗೊತ್ತಿಲ್ಲ, ಅಷ್ಟೆ. ನಿಮ್ಮ ಮಗಳ ಏಳು ವಾಕ್ಯದಲ್ಲೂ ಆಗಿರೋದು ಇದೇ. ಈಗ ಒಂದೊಂದಾಗಿ ನೋಡೋಣ. ಇದನ್ನು ಮಗಳ ಕೈಲೇ ಓದಿಸಿ, ನೀವು ಕೇಳಿ.

‘ಐ ಬಾರ್ನ್’ ತಪ್ಪು, ‘ಐ ವಾಸ್ ಬಾರ್ನ್’ ಸರಿ. ಇದನ್ನು ಮೇಷ್ಟ್ರುಗಳು ನೂರು ಸಲ ತಿದ್ದಿರುತ್ತಾರೆ, ಆದರೂ ಹೋಗಲ್ಲ. ಕಾರಣ ಹೇಳಿದರೆ ಹೋಗುತ್ತೆ. ಕನ್ನಡದಲ್ಲಿ ಎರಡು ಪದ ಇದೆ: ತಾಯಿ ಹೆರುತ್ತಾಳೆ, ಮಗು ಹುಟ್ಟುತ್ತದೆ. ಹುಟ್ಟುವುದು ಮಗುವಿನ ಕೆಲಸ. ಇಂಗ್ಲಿಷಿನ ‘ಬಾರ್ನ್’ ಬಂದಿರೋದು ‘ಬೇರ್’ ಅನ್ನೋ ಪದದಿಂದ. ಅದು ಹೆರುವುದು, ತಾಯಿಯ ಕೆಲಸ. ಅದಕ್ಕೇ ಮಗುವಿನ ಕಡೆಯಿಂದ ಹೇಳುವಾಗ ‘ವಾಸ್’ ಬೇಕೇ ಬೇಕು. ಕೆಲಸ ಮಾಡಿದವಳು ಅಮ್ಮ, ತಾನಲ್ಲ. ಇದನ್ನು ಹೀಗೆ ಹೇಳಿದ ಮೇಲೆ ನನ್ನ ಕ್ಲಾಸಿನಲ್ಲಿ ಆ ‘ವಾಸ್’ ಬಿಡುವವರು ಕಡಿಮೆ ಆದರು.

ಎರಡನೇ ವಾಕ್ಯದ ಕಥೆಯೂ ಹತ್ತಿರ ಹತ್ತಿರ ಇದೇ. ನಾವು ‘ಬೆಳೆ’ಗೆ ಒಂದು ‘ಸು’ ಸೇರಿಸಿದರೆ ‘ಬೆಳೆಸು’ ಆಗುತ್ತೆ. ನಾನು ಬೆಳೆದೆ, ಅವ್ವ ನನ್ನನ್ನು ಬೆಳೆಸಿದರು. ಇಂಗ್ಲಿಷಿನಲ್ಲಿ ಆ ‘ಸು’ ಇಲ್ಲ. ತಾನು ಬೆಳೆಯುವುದಕ್ಕೆ ‘ಗ್ರೋ ಅಪ್’, ಇನ್ನೊಬ್ಬರು ಬೆಳೆಸುವುದಕ್ಕೆ ಬೇರೆಯದೇ ಪದ, ‘ಬ್ರಿಂಗ್ ಅಪ್’. ನಿಮ್ಮ ಮಗಳು ‘ಬೈ ಮೈ ಅವ್ವ’ ಅಂತ ಸೇರಿಸಿ ಆ ‘ಸು’ ತರೋಕೆ ಹೋಗಿದ್ದಾಳೆ. ಯೋಚನೆ ಸರಿ ಇದೆ, ಪದ ಬದಲಾಗಬೇಕು. ‘ಮೈ ಗ್ರ್ಯಾಂಡ್‌ಮದರ್ ಬ್ರಾಟ್ ಮಿ ಅಪ್.’ ಅಥವಾ ‘ಐ ವಾಸ್ ಬ್ರಾಟ್ ಅಪ್ ಬೈ ಮೈ ಗ್ರ್ಯಾಂಡ್‌ಮದರ್.’ ಊರು ಹೇಳುವಾಗ ಮಾತ್ರ ‘ಗ್ರೋ ಅಪ್’: ‘ಐ ಗ್ರೂ ಅಪ್ ಇನ್ ಎ ವಿಲೇಜ್ ನಿಯರ್ ಮುಳಬಾಗಿಲು.’ ಗ್ರೋ, ಗ್ರೂ, ಗ್ರೋನ್. ‘ಗ್ರೋಡ್’ ಅನ್ನೋದು ಇಲ್ಲ.

ಬರೀ ‘ಗ್ರೋ’ ಅಂದರೆ ಬೆಳೆ ಬೆಳೆಯೋದಕ್ಕೂ ಬರುತ್ತೆ. ‘ವಿ ಗ್ರೋ ಟೊಮ್ಯಾಟೋಸ್.’ ಮಕ್ಕಳನ್ನು ಮಾತ್ರ ‘ಗ್ರೋ’ ಮಾಡುವ ಹಾಗಿಲ್ಲ. ‘ಮೈ ಮದರ್ ಗ್ರೋಸ್ ತ್ರೀ ಚಿಲ್ಡ್ರನ್’ ಅಂದರೆ ಹೊಲದಲ್ಲಿ ಬಿತ್ತಿದ ಹಾಗೆ ಕೇಳುತ್ತೆ. ಮಕ್ಕಳಿಗೂ ದನಕ್ಕೂ ಎರಡಕ್ಕೂ ನಡೆಯುವ ಪದ ‘ರೈಸ್’. ನಿಮ್ಮ ಮನೇಲಿ ಹಸು ಇದ್ದರೆ ‘ವಿ ರೈಸ್ ಕೌಸ್’. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಆಲದ ಮರ ಬೆಳೆಸಿದರಲ್ಲ, ಅವರ ಬಗ್ಗೆ ಹೇಳುವಾಗ ಈ ಪದ ತುಂಬ ಚೆನ್ನಾಗಿ ಕೂರುತ್ತೆ: ‘ಶಿ ರೈಸ್ಡ್ ದ ಟ್ರೀಸ್ ಲೈಕ್ ಹರ್ ಓನ್ ಚಿಲ್ಡ್ರನ್.’

‘ವೆನ್ ಐ ವಿಲ್ ಗ್ರೋ ಅಪ್’ ಅನ್ನೋದನ್ನೂ ಇಲ್ಲೇ ಮುಗಿಸಿಬಿಡೋಣ. ಇದರಲ್ಲಿ ‘ವಿಲ್’ ಬೇಡ. ‘ವೆನ್ ಐ ಗ್ರೋ ಅಪ್’. ಮುಂದೆ ಆಗೋದಲ್ವಾ, ‘ವಿಲ್’ ಯಾಕೆ ಬೇಡ ಅಂತ ಮಕ್ಕಳು ಕೇಳುತ್ತಾರೆ. ನಾನು ಕನ್ನಡದಲ್ಲೇ ತಿರುಗಿ ಕೇಳುತ್ತೇನೆ: ನೀವು ‘ದೊಡ್ಡವಳಾಗುವ ಮೇಲೆ’ ಅಂತೀರಾ? ಇಲ್ಲ. ‘ದೊಡ್ಡವಳಾದ ಮೇಲೆ’ ಅಂತೀರಿ. ಆಗಿಯೇ ಹೋಗಿದೆ ಅನ್ನೋ ಹಾಗೆ ಹೇಳುತ್ತೀರಿ. ಇಂಗ್ಲಿಷೂ ಅಷ್ಟೆ. ಮುಂದಿನ ಮಾತನ್ನು ವಾಕ್ಯದ ಇನ್ನೊಂದು ಅರ್ಧ ಹೊತ್ತುಕೊಳ್ಳುತ್ತೆ: ‘ವೆನ್ ಐ ಗ್ರೋ ಅಪ್, ಐ ವಿಲ್...’

ಒಂದು ಎಚ್ಚರಿಕೆ. ನಮ್ಮ ಕಡೆ ‘ಅವಳು ದೊಡ್ಡವಳಾದಳು’ ಅಂದರೆ ಮೈನೆರೆದಳು ಅಂತಲೂ ಅರ್ಥ. ಇಂಗ್ಲಿಷಿನಲ್ಲಿ ‘ಶಿ ಬಿಕೇಮ್ ಬಿಗ್’ ಅಂದರೆ ದಪ್ಪ ಆದಳು, ದೊಡ್ಡ ಹೆಸರು ಮಾಡಿದಳು ಅಂತೆಲ್ಲ ಆಗುತ್ತೆ. ಮೈನೆರೆಯುವುದಕ್ಕೆ ‘ರೀಚ್ ಪ್ಯೂಬರ್ಟಿ’ ಅನ್ನಬೇಕು. ಕ್ಲಾಸಿನಲ್ಲಿ ಇದನ್ನು ಹೇಳುವ ಪ್ರಸಂಗ ಬರಲಿಕ್ಕಿಲ್ಲ. ಆದರೆ ಜೀವಶಾಸ್ತ್ರದ ಪುಸ್ತಕದಲ್ಲಿ ಬರುತ್ತೆ, ಡಾಕ್ಟರ ಹತ್ತಿರ ಬರುತ್ತೆ. ಹೆಣ್ಣುಮಕ್ಕಳಿಗೆ ಈ ಪದ ನಾಚಿಕೆ ಇಲ್ಲದೆ ಹೇಳೋಕೆ ಬರಬೇಕು.

‘ಟೀನೇಜ್’ ಅನ್ನೋ ಪದ ಎಲ್ಲರಿಗೂ ಗೊತ್ತು. ಅದರೊಳಗೆ ಏನಿದೆ ನೋಡಿ. ‘ಟೀನ್’ ಅಂದರೆ ಹತ್ತು ಅನ್ನೋ ‘ಟೆನ್’. ಥರ್ಟೀನ್, ಫೋರ್ಟೀನ್ ಹೀಗೆ ಹದಿಮೂರಕ್ಕೆ ಶುರುವಾಗಿ ನೈನ್‌ಟೀನ್‌ವರೆಗೆ ಬರುತ್ತೆ. ಇಲೆವನ್, ಟ್ವೆಲ್ವ್‌ಗೆ ಅದು ಇಲ್ಲ. ಕನ್ನಡದ ‘ಹದಿಹರೆಯ’ದಲ್ಲಿ ‘ಹದಿ’ಯೂ ಹತ್ತೇ. ಹನ್ನೊಂದು, ಹನ್ನೆರಡು ಅಂದಾಗ ಅದು ‘ಹನ್’ ಆಗಿರುತ್ತೆ. ‘ಹದಿ’ ಸರಿಯಾಗಿ ಹದಿಮೂರಕ್ಕೇ ಶುರು! ನಮ್ಮದು ಹದಿನೆಂಟಕ್ಕೆ ಮುಗಿದು ಹತ್ತೊಂಬತ್ತಕ್ಕೆ ಬದಲಾಗುತ್ತೆ, ಅವರದು ಒಂದು ವರ್ಷ ಮುಂದೆ ಹೋಗುತ್ತೆ. ನನಗೆ ಇದು ಹೊಳೆದ ದಿನ ತುಂಬ ಖುಷಿಯಾಗಿತ್ತು. ಹದಿನೆಂಟು ತುಂಬುವುದಕ್ಕೆ ‘ಕಮ್ ಆಫ್ ಏಜ್’ ಅನ್ನುತ್ತಾರೆ. ನಮ್ಮ ದೇಶದಲ್ಲಿ ವೋಟು ಹಾಕುವ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದಿದ್ದು 1989ರಲ್ಲಿ. ಮಗಳು ಬೇಕಾದರೆ ಹೀಗನ್ನಬಹುದು: ‘ಐ ವಿಲ್ ಕಮ್ ಆಫ್ ಏಜ್ ನೆಕ್ಸ್ಟ್ ಇಯರ್, ಅಂಡ್ ಐ ವಿಲ್ ವೋಟ್.’

ಗೈಡಿನಲ್ಲಿ ‘ಅಡಲೆಸೆಂಟ್’, ‘ಅಡಲ್ಟ್’ ಎರಡೂ ಇರುತ್ತವೆ. ಮಕ್ಕಳು ಬೇರೆ ಬೇರೆಯಾಗಿ ಉರು ಹೊಡೆಯುತ್ತಾರೆ. ಎರಡೂ ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ಮೊದಲನೆಯದು ಬೆಳೆಯುತ್ತಾ ಇರುವವರು, ಎರಡನೆಯದು ಬೆಳೆದು ಮುಗಿದವರು. ಹೀಗೆ ಜೋಡಿಯಾಗಿ ಕಲಿತರೆ ಮರೆಯಲ್ಲ. ‘ಪೀರ್ಸ್’ ಅಂದರೆ ಗೈಡ್ ‘ಸಮವಯಸ್ಕರು’ ಅಂತ ಕೊಟ್ಟಿರುತ್ತೆ. ನಮ್ಮ ಮನೆಗಳಲ್ಲಿ ಅದಕ್ಕೆ ಒಳ್ಳೆ ಪದ ಇದೆ, ಸರೀಕರು. ‘ಸರೀಕರ ಮುಂದೆ ಕಮ್ಮಿ ಆಗಬಾರದು’ ಅಂತೀವಲ್ಲ, ಮಕ್ಕಳ ಮಟ್ಟಿಗೆ ಅದೇ ‘ಪೀರ್ ಪ್ರೆಶರ್’. ಗೆಳತಿಯರ ಹತ್ತಿರ ಹೊಸ ಫೋನ್ ಇದೆ, ನನಗೂ ಬೇಕು ಅಂತ ಅವಳು ಯಾವತ್ತಾದರೂ ಹಟ ಮಾಡಿದ್ದರೆ ಅದನ್ನೇ ಉದಾಹರಣೆಗೆ ಹೇಳಲಿ.

ಬಾಲ್ಯದ ಬಗ್ಗೆ ಹೇಳೋಕೆ ಇನ್ನೊಂದು ಸಾಧನ ಕೊಡುತ್ತೇನೆ. ‘ಚಿಕ್ಕವಳಿದ್ದಾಗ ಅವ್ವನ ಜೊತೆ ಡೇರಿಗೆ ಹೋಗ್ತಿದ್ದೆ.’ ಮಕ್ಕಳು ಇದನ್ನು ‘ಐ ವಾಸ್ ಗೋಯಿಂಗ್’ ಅಂತಾರೆ. ಆವತ್ತು ಒಂದಿನ ದಾರಿಯಲ್ಲಿದ್ದೆ ಅನ್ನೋ ಅರ್ಥ ಬರುತ್ತೆ. ದಿನಾ ಮಾಡ್ತಿದ್ದ, ಈಗ ಬಿಟ್ಟುಹೋದ ಕೆಲಸಕ್ಕೆ ‘ಯೂಸ್ಡ್ ಟು’: ‘ಐ ಯೂಸ್ಡ್ ಟು ಗೋ ಟು ದ ಡೇರಿ ವಿತ್ ಹರ್.’ ಬಾಲ್ಯದ ಮಾತು ಅರ್ಧಕ್ಕರ್ಧ ಈ ‘ಯೂಸ್ಡ್ ಟು’ ಮೇಲೇ ನಡೆಯುತ್ತೆ. ಹಾಗೇ ‘ಗ್ರೋ ಔಟ್ ಆಫ್’ ಅಂತ ಒಂದು ಮಾತಿದೆ. ಜೂನ್‌ನಲ್ಲಿ ಹೊಲಿಸಿದ ಯೂನಿಫಾರಂ ಲಂಗ ಜನವರಿ ಹೊತ್ತಿಗೆ ಮೊಣಕಾಲಿಗೆ ಬಂದಿರುತ್ತೆ. ಅಂಚು ಬಿಚ್ಚಿ ಉದ್ದ ಮಾಡುತ್ತೀರಿ. ಹಳೆ ಮಡಿಕೆಯ ಗೆರೆ ಎಷ್ಟು ತೊಳೆದರೂ ಹೋಗಲ್ಲ. ‘ಐ ಗ್ರೂ ಔಟ್ ಆಫ್ ಮೈ ಸ್ಕರ್ಟ್, ಸೋ ಅವ್ವ ಲೆಟ್ ಡೌನ್ ದ ಹೆಮ್.’ ಇಂಥ ಒಂದು ವಾಕ್ಯ ಬಂದರೆ ಕೇಳುವ ಇಡೀ ಕ್ಲಾಸು ತಲೆ ಎತ್ತುತ್ತೆ. ‘ಚೈಲ್ಡ್‌ಹುಡ್ ಈಸ್ ದ ಗೋಲ್ಡನ್ ಪೀರಿಯಡ್’ ಅಂದರೆ ಯಾರೂ ಕೇಳಿಸಿಕೊಳ್ಳಲ್ಲ. ಗೈಡಿನ ಆ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿಸಿ.

ಈಗ ರೋಲ್ ಮಾಡೆಲ್. ಈ ಪದವನ್ನು ಸಮಾಜಶಾಸ್ತ್ರದಲ್ಲಿ ಬಳಕೆಗೆ ತಂದ ಹೆಸರು ಅಮೆರಿಕದ ರಾಬರ್ಟ್ ಮರ್ಟನ್ ಅವರದು. ಇದರಲ್ಲಿರುವ ‘ರೋಲ್’ ಹಳೆಯದು, ಫ್ರೆಂಚ್‌ನಿಂದ ಬಂದದ್ದು. ನಾಟಕದವನು ತನ್ನ ಪಾತ್ರದ ಮಾತು ಬರೆದುಕೊಳ್ಳುತ್ತಿದ್ದ ಸುರುಳಿ ಕಾಗದಕ್ಕೆ ಆ ಹೆಸರು ಇತ್ತು. ಇದನ್ನು ಓದಿದಾಗ ನನಗೆ ನಮ್ಮ ದೊಡ್ಡಪ್ಪ ನೆನಪಾದರು. ಊರ ನಾಟಕದಲ್ಲಿ ಅವರದು ಕೃಷ್ಣನ ಪಾತ್ರ. ಹಾರ್ಮೋನಿಯಂ ಮೇಷ್ಟ್ರು ಇಡೀ ನಾಟಕ ಯಾರಿಗೂ ಕೊಡುತ್ತಿರಲಿಲ್ಲ. ಅವರವರ ಮಾತು, ಪದ್ಯ ಮಾತ್ರ ಒಂದೊಂದು ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತಿದ್ದರು. ಎದುರಿನವನ ಮಾತಿನ ಕೊನೆಯ ಎರಡು ಪದ ಮಾತ್ರ ಕೆಂಪು ಶಾಯಿಯಲ್ಲಿ. ಅದು ಕಿವಿಗೆ ಬಿದ್ದ ಕೂಡಲೇ ದೊಡ್ಡಪ್ಪ ಶುರು ಮಾಡಬೇಕು. ದೊಡ್ಡಪ್ಪ ಹಾಲು ಕರೆಯುವಾಗಲೂ ಆ ನೋಟ್‌ಬುಕ್ಕು ಸೊಂಟದಲ್ಲಿ ಇರುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಈಗಲೂ ನಾಟಕ ಕಲಿಯುವವರನ್ನು ಕೇಳಿ, ಇಂಥ ನೋಟ್‌ಬುಕ್ಕು ಸಿಗುತ್ತೆ. ‘ರೋಲ್’ ಅಂದರೆ ಅದೇ. ರೋಲ್ ಮಾಡೆಲ್ ಅಂದರೆ ನಮ್ಮ ಪಾತ್ರ ಹೇಗೆ ಮಾಡಬೇಕು ಅಂತ ಮಾಡಿ ತೋರಿಸುವವರು.

ಹಾಗಾಗಿ ‘ಸೆಲೆಬ್ರಿಟಿ’, ‘ಹೀರೋ’, ‘ಐಡಲ್’, ‘ರೋಲ್ ಮಾಡೆಲ್’ ನಾಲ್ಕೂ ಒಂದೇ ಅಲ್ಲ. ಸೆಲೆಬ್ರಿಟಿ ಅಂದರೆ ಹೆಸರುವಾಸಿ, ಅಷ್ಟೆ. ಒಳ್ಳೆಯವರು ಅಂತ ಆ ಪದ ಹೇಳಲ್ಲ. ಐಡಲ್ ಅಂದರೆ ಆರಾಧಿಸುವವರು. ರೋಲ್ ಮಾಡೆಲ್ ಅಂದರೆ ನೋಡಿ ಅವರ ಹಾಗೆ ನಡೆಯೋಕೆ ಪ್ರಯತ್ನ ಮಾಡುವವರು. ಅವ್ವ ರೋಲ್ ಮಾಡೆಲ್. ‘ಐಡಲ್’ ಬೇಡ. ಇನ್ನೊಂದು ಕಾರಣವೂ ಇದೆ. ಚೀಟಿಯಲ್ಲಿ ಮಗಳು ಸ್ಪೆಲ್ಲಿಂಗ್ ಐ, ಡಿ, ಎಲ್, ಇ ಅಂತ ಬರೆದಿದ್ದಾಳೆ. ಹಾಗೆ ಬರೆದರೆ ಕೆಲಸವಿಲ್ಲದೆ ಕೂತಿರುವವರು ಅಂತ ಅರ್ಥ. ಆರಾಧಿಸುವವರಿಗೆ ಐ, ಡಿ, ಓ, ಎಲ್. ಬಾಯಲ್ಲಿ ಹೇಳುವಾಗ ಎರಡಕ್ಕೂ ವ್ಯತ್ಯಾಸ ಇಲ್ಲ, ಬರೆಯುವಾಗ ಮಾತ್ರ ಸಿಕ್ಕಿಬೀಳುತ್ತೇವೆ.

‘ಶಿ ಈಸ್ ವೆರಿ ಸಿಂಪಲ್’ ಕೂಡ ಹಾಗೇ ಜೋಪಾನವಾಗಿ ನೋಡಬೇಕಾದ ವಾಕ್ಯ. ನಮ್ಮಲ್ಲಿ ‘ಸಿಂಪಲ್ ಮನುಷ್ಯ’ ಅಂದರೆ ಹೊಗಳಿಕೆ. ಇಂಗ್ಲಿಷಿನವರ ಕಿವಿಗೆ ಅದು ಬುದ್ಧಿ ಸ್ವಲ್ಪ ಕಡಿಮೆ ಅನ್ನೋ ಹಾಗೂ ಕೇಳಬಹುದು. ‘ಶಿ ಲಿವ್ಸ್ ಎ ಸಿಂಪಲ್ ಲೈಫ್’ ಅಂದರೆ ತೊಂದರೆ ಇಲ್ಲ. ಅಹಂಕಾರ ಇಲ್ಲ ಅಂತ ಹೇಳಬೇಕಾದರೆ ‘ಡೌನ್ ಟು ಅರ್ತ್’. ‘ಇನ್‌ಸ್ಪೈರ್ಡ್’ ಜೊತೆಗೆ ‘ಫ್ರಮ್’ ಬರಲ್ಲ, ‘ಬೈ’ ಬರುತ್ತೆ. ಆ ಪದದ ಮೂಲ ಅರ್ಥ ಉಸಿರು ತುಂಬುವುದು. ತುಂಬಿದವರು ಯಾರೋ ಅವರ ಮುಂದೆ ‘ಬೈ’. ಅದಕ್ಕಿಂತ ಒಳ್ಳೆಯದು ನೇರವಾಗಿ ಹೇಳೋದು: ‘ಶಿ ಇನ್‌ಸ್ಪೈರ್ಡ್ ಮಿ ಟು ಸ್ಟಡಿ.’

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಪದ ‘ಲುಕ್’. ಮಗಳ ಕೊನೆಯ ವಾಕ್ಯ ‘ಐ ವಿಲ್ ಲುಕ್ ಹರ್.’ ಅವಳು ಹೇಳಲು ಹೊರಟಿದ್ದು ‘ಅವ್ವನನ್ನು ನೋಡಿಕೊಳ್ತೀನಿ’ ಅಂತ. ಚೀಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವಾಕ್ಯ. ಕನ್ನಡದಲ್ಲಿ ‘ನೋಡು’ವಿಗೆ ‘ಕೊಳ್ಳು’ ಸೇರಿದ ತಕ್ಷಣ ಅರ್ಥವೇ ಬೇರೆ ಆಗುತ್ತಲ್ವಾ? ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ‘ಲುಕ್’ ಹಿಂದೆ ಬರುವ ಚಿಕ್ಕ ಪದಗಳು. ‘ಲುಕ್ ಆಫ್ಟರ್ ಹರ್’ ಅಂದರೆ ನೋಡಿಕೊಳ್ಳುವುದು. ‘ಲುಕ್ ಅಟ್ ಹರ್’ ಅಂದರೆ ಸುಮ್ನೆ ಕಣ್ಣಿಟ್ಟು ನೋಡುವುದು. ‘ಲುಕ್ ಫಾರ್ ಹರ್’ ಅಂದರೆ ಹುಡುಕುವುದು. ‘ಲುಕ್ ಲೈಕ್ ಹರ್’ ಅಂದರೆ ಮುಖ ಹೋಲುವುದು. ‘ಲುಕ್ ಅಪ್ ಟು ಹರ್’ ಅಂದರೆ ಗೌರವದಿಂದ ತಲೆ ಎತ್ತಿ ನೋಡುವುದು. ರೋಲ್ ಮಾಡೆಲ್ ವಿಷಯಕ್ಕೆ ಇದು ಬೇಕೇ ಬೇಕು. ಇದರಲ್ಲಿ ‘ಟು’ ಬಿಟ್ಟರೆ ಡಿಕ್ಷನರಿಯಲ್ಲಿ ಪದ ಹುಡುಕಿದ ಹಾಗೆ ಆಗುತ್ತೆ. ‘ಲುಕ್ ಡೌನ್ ಆನ್’ ಅಂದರೆ ಕೀಳಾಗಿ ಕಾಣುವುದು. ಗುಣ ಅಥವಾ ಮುಖ ಮನೆಯ ಹಿರಿಯರಿಂದ ಬಂದಿದ್ದರೆ ‘ಟೇಕ್ ಆಫ್ಟರ್’: ‘ಐ ಟೇಕ್ ಆಫ್ಟರ್ ಮೈ ಗ್ರ್ಯಾಂಡ್‌ಮದರ್.’ ಅವಳು ಈ ಆರೇಳನ್ನೂ ಅವ್ವನ ಮೇಲೆ ಒಂದೊಂದು ವಾಕ್ಯ ಮಾಡಲಿ. ಬೇರೆ ಯಾರ ಮೇಲೂ ಬೇಡ. ಒಬ್ಬರೇ ವ್ಯಕ್ತಿ ಆದರೆ ಪದಗಳ ವ್ಯತ್ಯಾಸ ಎದ್ದು ಕಾಣುತ್ತೆ.

ಹೆಸರುವಾಸಿ ವ್ಯಕ್ತಿಯ ಬಗ್ಗೆಯೂ ಒಂದು ಮಾತು ಬರಲಿ ಅಂತ ಟೀಚರ್ ಹೇಳಿದ್ದರೆ ದೂರ ಹೋಗಬೇಕಾಗಿಲ್ಲ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ನಿಮ್ಮ ಮುಳಬಾಗಿಲಿನಲ್ಲೇ, 1887ರಲ್ಲಿ. ಮೆಟ್ರಿಕ್ ದಾಟಲಿಲ್ಲ. ಪತ್ರಿಕೆಯವರಾದರು. ಇಂಗ್ಲಿಷ್ ಪತ್ರಿಕೆಯನ್ನೂ ನಡೆಸಿದರು. ಮೀಡಿಯಾ, ರೋಲ್ ಮಾಡೆಲ್ ಎರಡೂ ಒಬ್ಬರಲ್ಲೇ ಸಿಕ್ಕವು ನೋಡಿ. ‘ಹಿ ವಾಸ್ ಎ ಜರ್ನಲಿಸ್ಟ್. ಹಿ ವಾಸ್ ಸೆಲ್ಫ್-ಟಾಟ್.’ ಸೆಲ್ಫ್-ಟಾಟ್ ಅಂದರೆ ತಾನೇ ಓದಿ ಕಲಿತವರು. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದೋಕೆ ಬೆಂಗಳೂರಿಗೆ ನಡೆದೇ ಹೋದವರು. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ‘ಡಿಟರ್ಮಿನ್ಡ್’ ಅನ್ನೋ ಪದ ಗೈಡಿನಲ್ಲಿ ‘ದೃಢನಿಶ್ಚಯದ’ ಅಂತ ಇರುತ್ತೆ. ಆ ಕನ್ನಡವೇ ಮಕ್ಕಳಿಗೆ ಹತ್ತಲ್ಲ. ಓದಬೇಕು ಅಂತ ಬೆಂಗಳೂರಿಗೆ ನಡೆದ ಹುಡುಗ ಅಂದರೆ ಹತ್ತುತ್ತೆ. ಗುಣದ ಪದ ಹೇಳಿದ ಕೂಡಲೇ ಅದಕ್ಕೆ ಸಾಕ್ಷಿ ಕೊಡುವ ಒಂದು ವಾಕ್ಯ ಬರಬೇಕು. ‘ಶಿ ಈಸ್ ಹಾರ್ಡ್‌ವರ್ಕಿಂಗ್’ ಅಂದು ನಿಲ್ಲಿಸಬಾರದು. ಅವ್ವ ಎಷ್ಟು ಗಂಟೆಗೆ ಏಳುತ್ತಾರೆ, ಎದ್ದು ಏನು ಮಾಡುತ್ತಾರೆ ಅಂತ ಹೇಳಬೇಕು.

ಮೀಡಿಯಾಗೆ ಬರೋಣ. ನಿಮ್ಮ ಮಗಳು ಹತ್ತು ವರ್ಷ ‘ಕನ್ನಡ ಮೀಡಿಯಂ’ ಓದಿದಳಲ್ಲ, ಆ ‘ಮೀಡಿಯಂ’ನ ಬಹುವಚನವೇ ‘ಮೀಡಿಯಾ’. ಮೀಡಿಯಂ ಅಂದರೆ ಮಧ್ಯದಲ್ಲಿ ನಿಂತು ದಾಟಿಸುವುದು. ಪಾಠಕ್ಕೂ ಮಗುವಿಗೂ ಮಧ್ಯೆ ಕನ್ನಡ ನಿಂತಿತ್ತು. ಸುದ್ದಿಗೂ ನಮಗೂ ಮಧ್ಯೆ ಪೇಪರ್, ರೇಡಿಯೋ, ಟಿವಿ, ಫೋನ್ ನಿಂತಿವೆ. ಕನ್ನಡದಲ್ಲೂ ‘ಮಾಧ್ಯಮ’ ಎರಡಕ್ಕೂ ನಡೆಯುತ್ತೆ. ಕನ್ನಡ ಮೀಡಿಯಂ ಅಂತ ಹೇಳಿಕೊಳ್ಳೋಕೆ ಅವಳು ಹಿಂಜರಿಯುತ್ತಿದ್ದರೆ ಈ ವಿಷಯವನ್ನೇ ಮೊದಲ ವಾಕ್ಯ ಮಾಡಿಕೊಳ್ಳಲಿ: ‘ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ. ದ ವರ್ಡ್ ಮೀಡಿಯಾ ಈಸ್ ದ ಪ್ಲೂರಲ್ ಆಫ್ ಮೀಡಿಯಂ.’ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ತೋಚುತ್ತಿಲ್ಲ.

‘ನ್ಯೂಸ್’ನಲ್ಲಿ ಕೊನೆಗೆ ‘ಸ್’ ಇದ್ದರೂ ಅದು ಒಂದೇ: ‘ದ ನ್ಯೂಸ್ ಈಸ್ ಗುಡ್.’ ಮುಂದೆ ‘ಎ’ ಬರಲ್ಲ. ಒಂದು ಸುದ್ದಿ ಅನ್ನಬೇಕಾದರೆ ‘ಎ ಪೀಸ್ ಆಫ್ ನ್ಯೂಸ್’. ನಾರ್ತ್, ಈಸ್ಟ್, ವೆಸ್ಟ್, ಸೌತ್ ಸೇರಿ ನ್ಯೂಸ್ ಆಯಿತು ಅಂತ ನನಗೂ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಇವತ್ತಿಗೂ ಹೇಳಿಕೊಡುತ್ತಾರೆ. ಅದು ನಿಜ ಅಲ್ಲ. ‘ನ್ಯೂ’, ಅಂದರೆ ಹೊಸದು, ಅದರಿಂದ ಬಂದ ಪದ. ಹೊಸ ವಿಷಯಗಳು, ಅಷ್ಟೆ. ಅವಳು ಭಾಷಣದಲ್ಲಿ ಆ ನಾಲ್ಕು ದಿಕ್ಕಿನ ಕಥೆ ಸೇರಿಸಿದ್ದರೆ ತೆಗೆಸಿ.

‘ಬ್ರಾಡ್‌ಕಾಸ್ಟ್’ ನಿಮಗೆ ಇಷ್ಟ ಆಗುವ ಪದ, ಅಮ್ಮ. ರೇಡಿಯೋ ಬರುವುದಕ್ಕೆ ಮುಂಚೆ ಅದು ರೈತರ ಪದ. ಕೂರಿಗೆ ಇಲ್ಲದೆ ಬೀಜವನ್ನು ಕೈಯಲ್ಲಿ ಹಿಡಿದು ಹೊಲದ ತುಂಬ ಎರಚುವುದಕ್ಕೆ ಬ್ರಾಡ್‌ಕಾಸ್ಟ್ ಅನ್ನುತ್ತಿದ್ದರು. ಈಗಲೂ ಕೃಷಿ ಇಲಾಖೆಯವರು ಚೆಲ್ಲು ಬಿತ್ತನೆಗೆ ಇಂಗ್ಲಿಷಿನಲ್ಲಿ ಅದೇ ಪದ ಹೇಳುತ್ತಾರೆ. ಮಾತನ್ನು ಗಾಳಿಯಲ್ಲಿ ಎಲ್ಲ ಕಡೆ ಎರಚುವ ಯಂತ್ರ ಬಂದಾಗ ಆ ಪದವನ್ನೇ ಅದಕ್ಕೂ ಇಟ್ಟುಕೊಂಡರು. ಮುಂದೆ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅನ್ನೋ ಹೆಸರು ಆ ಕೇಂದ್ರದ್ದು. ಆಮೇಲೆ ಅದು ಇಡೀ ದೇಶದ ರೇಡಿಯೋ ಹೆಸರಾಯಿತು. ಒಂದು ಕಡೆ ಹೊಲದಿಂದ ಪದ ಬಂತು, ಇನ್ನೊಂದು ಕಡೆ ಆಕಾಶದಿಂದ.

‘ಸೀಯಿಂಗ್ ಎ ನ್ಯೂಸ್ ಇನ್ ಟಿವಿ’ ಅನ್ನೋದರಲ್ಲಿ ಮೂರು ಕಡೆ ತಿದ್ದಬೇಕು. ನಾವು ಟಿವಿ ನೋಡ್ತೀವಿ, ಪೇಪರ್ ನೋಡ್ತೀವಿ, ಹೆಣ್ಣು ನೋಡ್ತೀವಿ, ಉಪ್ಪು ಸರಿ ಇದೆಯಾ ನೋಡು ಅಂತೀವಿ. ಇಂಗ್ಲಿಷಿನಲ್ಲಿ ಟಿವಿ ‘ವಾಚ್’ ಮಾಡುತ್ತಾರೆ, ಪೇಪರ್ ‘ರೀಡ್’ ಮಾಡುತ್ತಾರೆ, ರೇಡಿಯೋ ‘ಲಿಸನ್ ಟು’. ಪೇಪರ್‌ಗೆ ‘ಇನ್’, ಉಳಿದವಕ್ಕೆ ‘ಆನ್’: ಇನ್ ದ ನ್ಯೂಸ್‌ಪೇಪರ್, ಆನ್ ಟಿವಿ, ಆನ್ ದ ರೇಡಿಯೋ, ಆನ್ ಸೋಷಿಯಲ್ ಮೀಡಿಯಾ. ದಿನಾ ಮಾಡೋ ಕೆಲಸಕ್ಕೆ ‘ಐ ಆಮ್ ವಾಚಿಂಗ್’ ಅಲ್ಲ, ಬರೀ ‘ಐ ವಾಚ್’. ‘ಸಬ್‌ಸ್ಕ್ರೈಬ್’ ಹಿಂದೆ ‘ಟು’ ಬೇಕು, ‘ಫಾಲೋ’ ಹಿಂದೆ ಏನೂ ಬೇಡ. ಯೂಟ್ಯೂಬಿನಲ್ಲಿ ದಿನಾ ಕೇಳುವ ಪದಗಳು ಇವು, ಬೇಗ ಹತ್ತುತ್ತವೆ.

ಮೀಡಿಯಾ ಅಂದರೆ ‘ಅಡ್ವಾಂಟೇಜಸ್ ಅಂಡ್ ಡಿಸ್‌ಅಡ್ವಾಂಟೇಜಸ್’ ಅಂತ ಪಟ್ಟಿ ಹೇಳಿಸಬೇಡಿ. ಒಂದೇ ಒಂದು ಘಟನೆ ಸಾಕು. ಟೊಮ್ಯಾಟೊ ರೇಟು ಬಿದ್ದುಹೋಯಿತು ಅಂತ ಯಾವತ್ತೋ ವಾಟ್ಸಾಪಿನಲ್ಲಿ ಫಾರ್ವರ್ಡ್ ಬಂದಿರುತ್ತೆ, ಮಾರ್ಕೆಟಿಗೆ ಹೋಗಿ ಕೇಳಿದರೆ ಹಾಗೇನೂ ಇರಲ್ಲ. ಅಂಥದ್ದು ನಿಮ್ಮ ಮನೆಯಲ್ಲಿ ನಡೆದಿದ್ದರೆ ಅದನ್ನೇ ಹೇಳಲಿ. ‘ರೂಮರ್’ ಅಂದರೆ ಗಾಳಿಸುದ್ದಿ. ‘ಸೋರ್ಸ್’ ಅಂದರೆ ಸುದ್ದಿ ಎಲ್ಲಿಂದ ಬಂತು ಅನ್ನೋದು. ‘ರಿಲಯಬಲ್ ಸೋರ್ಸ್’ ಅಂದರೆ ನಂಬಬಹುದಾದ ಮೂಲ. ‘ಬಯಾಸ್ಡ್’ ಅಂದರೆ ಒಂದ್ ಕಡೆ ವಾಲಿದ್ದು. ‘ಗೋ ವೈರಲ್’ ಅನ್ನೋದು ವೈರಸ್‌ನಿಂದ ಬಂತು, ಒಬ್ಬರಿಂದ ಒಬ್ಬರಿಗೆ ಅಂಟಿಕೊಂಡು ಹೋಗುವುದು. ಈ ಐದು ಪದ ಆ ಒಂದು ಘಟನೆಯ ಒಳಗೇ ಕೂರುತ್ತವೆ.

ಕೊನೆಗೆ ನಿಮ್ಮ ಪ್ರಶ್ನೆ, ನಾನೇನು ಮಾಡಬಹುದು ಅಂತ. ತುಂಬ ಇದೆ. ಮೊದಲು ಅವಳು ಇಡೀ ಮಾತನ್ನು ತೆಲುಗಿನಲ್ಲಿ ನಿಮಗೆ ಹೇಳಲಿ. ಹಾಲು ಕರೆಯುವಾಗ, ಮುದ್ದೆ ತೊಳಸುವಾಗ ಕೇಳಿಸಿಕೊಳ್ಳಿ. ಮಧ್ಯೆ ಪ್ರಶ್ನೆ ಹಾಕಿ: ಆವಾಗ ನಿನಗೆಷ್ಟು ವಯಸ್ಸು? ಅವ್ವ ಏನಂದರು? ಆಮೇಲೆ? ಮನೆ ಮಾತಿನಲ್ಲಿ ಕಥೆ ಗಟ್ಟಿಯಾದರೆ ಇಂಗ್ಲಿಷಿನಲ್ಲಿ ಬಾಯಿ ಕಟ್ಟಲ್ಲ. ಮುಂದೇನು ಅಂತ ಗೊತ್ತಿರುತ್ತಲ್ಲ. ನಾನೂ ಚಿಂತಾಮಣಿ ಕಡೆಯ ತೆಲುಗು ಮನೆಯವಳೇ. ಶಾಲೆಯಲ್ಲಿ ಮನೆ ಮಾತು ಆಡಿದರೆ ಬೈಯುತ್ತಿದ್ದರು. ಇಂಗ್ಲಿಷ್ ಬರಬೇಕಾದರೆ ಉಳಿದ ಭಾಷೆ ಬಿಡಬೇಕು ಅಂತ ನಂಬಿ ನಾನು ನಾಲ್ಕು ವರ್ಷ ಕಳೆದುಕೊಂಡೆ. ನಿಮ್ಮ ಮಗಳು ಕಳೆದುಕೊಳ್ಳುವುದು ಬೇಡ.

ಆಮೇಲೆ ಒಂದು ನೋಟ್‌ಬುಕ್ಕು. ದಿನಕ್ಕೆ ಒಂದೇ ಪುಟ, ಒಂದೇ ಪದ. ಮೇಲೆ ‘ಲುಕ್’ ಅಂತ ಬರೆದು, ಕೆಳಗೆ ಅದರ ಜೊತೆಗಾರರು, ಪ್ರತಿಯೊಂದಕ್ಕೂ ತನ್ನ ಮನೆಯದೇ ಒಂದು ವಾಕ್ಯ. ಜೊತೆಗಾರ ಪದ ಮಾತ್ರ ಕೆಂಪು ಶಾಯಿಯಲ್ಲಿ. ನಮ್ಮ ಹಾರ್ಮೋನಿಯಂ ಮೇಷ್ಟ್ರಿಂದ ನಾನು ತೆಗೆದುಕೊಂಡದ್ದು ಅದು. ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿ ತಾನೇ ಕೇಳಲಿ. ಇಂಗ್ಲಿಷ್ ಬರದಿದ್ದರೂ ಎಲ್ಲಿ ತಡವರಿಸಿದಳು ಅಂತ ನಿಮಗೂ ಗೊತ್ತಾಗುತ್ತೆ. ಅಲ್ಲಿ ಕೈ ಎತ್ತಿ, ಸಾಕು.

ಅವಳ ಚೀಟಿಯನ್ನು ಅವಳ ಮಾತಿನಲ್ಲೇ ಹೀಗೆ ತಿದ್ದಿದ್ದೇನೆ:

‘ಐ ವಾಸ್ ಬಾರ್ನ್ ಇನ್ ಮುಳಬಾಗಿಲು. ಮೈ ಗ್ರ್ಯಾಂಡ್‌ಮದರ್ ಬ್ರಾಟ್ ಮಿ ಅಪ್. ಐ ಕಾಲ್ ಹರ್ ಅವ್ವ. ಶಿ ಲಿವ್ಸ್ ಎ ಸಿಂಪಲ್ ಲೈಫ್. ಐ ಲುಕ್ ಅಪ್ ಟು ಹರ್, ಅಂಡ್ ಶಿ ಇನ್‌ಸ್ಪೈರ್ಡ್ ಮಿ ಟು ಸ್ಟಡಿ. ಎವರಿ ಈವ್ನಿಂಗ್ ವಿ ವಾಚ್ ದ ನ್ಯೂಸ್ ಆನ್ ಟಿವಿ ಟುಗೆದರ್. ವೆನ್ ಐ ಗ್ರೋ ಅಪ್, ಐ ವಿಲ್ ಲುಕ್ ಆಫ್ಟರ್ ಹರ್.’

‘ಅವ್ವ’ ಅನ್ನೋದನ್ನು ಉಳಿಸಿದ್ದೇನೆ, ಅದಕ್ಕೆ ಇಂಗ್ಲಿಷ್ ಬೇಡ. ಕ್ಲಾಸಿನಲ್ಲಿ ಮಾತಾಡುವ ಹಿಂದಿನ ದಿನ ಸಂಜೆ ಇದನ್ನು ಒಂದು ಸಲ ಅವ್ವನ ಮುಂದೆ ಕೂತು ಹೇಳಲಿ. ಆಮೇಲೆ ಏನಂದೆ ಅಂತ ಅವರಿಗೆ ತೆಲುಗಿನಲ್ಲಿ ಹೇಳಲಿ.